ಕೈ ಬಿಟ್ಟರೆ ಸುಮ್ಮನಾಗುವ ಕೈಟ್

(ಕೈಟ್‌ಬೋರ್ಡಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ, ಹೊಸದಾಗಿ ಕಲಿಯುತ್ತಿರುವವರ ಮುಂದೆ, ಮೊದಲ ಸಾಮಾನು ಆರಿಸುವುದರ ಬಗ್ಗೆ ಆಡಿದ ಮಾತು. ಹೆಚ್ಚುಕಮ್ಮಿ ಆಡಿದ ಹಾಗೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಬಾರ್, ಅಂದರೆ ಕೈಟ್ ಆಡಿಸುವ ಹಿಡಿಕೋಲು, ಒಂದು ಸುತ್ತು ಹೋಗಿ ಬರಲಿ. ಕೈಯಿಂದ ಕೈಗೆ ಕೊಡಿ. ಮಧ್ಯದಲ್ಲಿ ಮೈಗೆ ಕಟ್ಟಿದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸುವ ಬಳೆ ಇದೆಯಲ್ಲ, ಅದಕ್ಕೆ ಚಿಕನ್ ಲೂಪ್ ಅನ್ನುತ್ತಾರೆ. ಅದರ ಮೇಲೆ ಕೆಂಪು ಹಿಡಿ ಕಾಣುತ್ತದೆ. ಅದನ್ನು ಮುಷ್ಟಿಯಲ್ಲಿ ಹಿಡಿದು ನಿಮ್ಮಿಂದ ಆಚೆಗೆ, ಅಂದರೆ ಕೈಟ್ ಇರುವ ಕಡೆಗೆ ತಳ್ಳಿ. ಟಕ್ ಅಂತ ಬಿಚ್ಚಿಕೊಳ್ಳುತ್ತದೆ, ಇದೇ ರಿಲೀಸ್. ಮತ್ತೆ ಜೋಡಿಸಿ ಪಕ್ಕದವರಿಗೆ ಕೊಡಿ. ಜೋಡಿಸೋಕೆ ಬರದಿದ್ದರೆ ಕೇಳಿ, ಸಂಕೋಚ ಬೇಡ. ನಾನು ಒಂದು ಗಂಟೆ ಮಾತಾಡುವುದಕ್ಕಿಂತ ಆ ಟಕ್ ಅನ್ನೋದು ನಿಮ್ಮ ಕೈಗೆ ಗೊತ್ತಾಗುವುದು ದೊಡ್ಡದು.

ಹೊಸಬರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಯಾವ ಕೈಟ್ ತಗೊಳ್ಳಲಿ? ಆಮೇಲೆ, ಅದು ಎಷ್ಟು ಎಳೆಯುತ್ತದೆ, ಎಷ್ಟು ಎತ್ತರಕ್ಕೆ ಹಾರಿಸುತ್ತದೆ? ಎಳೆಯೋದು ಎಲ್ಲ ಕೈಟ್‌ಗೂ ಬರುತ್ತದೆ. ಹತ್ತು ಚದರ ಮೀಟರ್ ಬಟ್ಟೆಯನ್ನು ಗಾಳಿಗೆ ಒಡ್ಡಿದರೆ ಅದು ಎಳೆದೇ ಎಳೆಯುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ನೀವು ಬಾರ್‌ನಿಂದ ಎರಡೂ ಕೈ ತೆಗೆದಾಗ ಅದು ಏನು ಮಾಡುತ್ತದೆ? ಕೈಟ್ ಇರಲಿ, ಬಾರ್ ಇರಲಿ, ಬೋರ್ಡ್ ಇರಲಿ, ಅಂಗಡಿಗೆ ಹೋಗುವಾಗ ಈ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಮುಕ್ಕಾಲು ಪಾಲು ಗೊಂದಲ ತಾನಾಗೇ ಕರಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮೊದಲ ಕೈಟ್ ಹಳೆಯದು, ಇನ್ನೊಬ್ಬರು ಬಳಸಿದ್ದು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಹಳೇ ಕಾಲದ ಕೈಟ್. ಮಾರಿದವರು ಹೆಚ್ಚು ಬಳಸಿಲ್ಲ ಅಂದರು, ಅದು ನಿಜವೇ ಇರಬಹುದು, ಬಟ್ಟೆ ಗಟ್ಟಿಯಾಗೇ ಇತ್ತು. ಎರಡನೇ ದಿನ ದಡದಲ್ಲಿ ನಿಂತಿದ್ದಾಗ ಗಾಳಿ ಒಮ್ಮೆಲೇ ಬೀಸಿತು. ಕಲಿಸಿಕೊಟ್ಟ ಹಾಗೆ ಬಾರ್ ಬಿಟ್ಟೆ. ಬಾರ್ ಮೇಲಕ್ಕೆ ಜಾರಿತು, ಆದರೆ ಎಳೆತ ಸ್ವಲ್ಪವೇ ಕಮ್ಮಿಯಾಯಿತು. ಮರಳಿನ ಮೇಲೆ ಹೊಟ್ಟೆ ಅಡಿಯಾಗಿ ಎಳೆದುಕೊಂಡು ಹೋಯಿತು. ರಿಲೀಸ್ ತಳ್ಳಿದೆ, ಒಳಗೆ ಮರಳು ಸೇರಿಕೊಂಡಿತ್ತು, ಜರುಗಲಿಲ್ಲ. ಎರಡನೇ ಸಲ ಎರಡೂ ಕೈಯಲ್ಲಿ ತಳ್ಳಿದಾಗ ಬಿಚ್ಚಿತು. ಮೊಣಕೈ ಎರಡೂ ಸುಲಿದುಹೋಗಿತ್ತು, ಅದು ವಾರದಲ್ಲಿ ವಾಸಿಯಾಯಿತು. ಎದುರಿಗೆ ಒಂದು ಕಲ್ಲಿನ ಕಟ್ಟೆ ಇತ್ತು. ಅದಕ್ಕೂ ನನಗೂ ನಡುವೆ ಎಷ್ಟು ಜಾಗ ಉಳಿದಿತ್ತು ಅನ್ನೋದು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಈಗ ಆ ಕೈಟ್ ಯಾಕೆ ಹಾಗೆ ಮಾಡಿತು ಅಂತ ನೋಡೋಣ. ಅಂಚಿನ ಕೊಳವೆಗೆ ಗಾಳಿ ತುಂಬಿ, ನೀರಿಗೆ ಬಿದ್ದರೂ ತೇಲುವ, ಮತ್ತೆ ಎಬ್ಬಿಸಬಹುದಾದ ಕೈಟ್‌ಗೆ ಫ್ರಾನ್ಸ್‌ನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯು ಅನ್ನೋ ಅಣ್ಣತಮ್ಮಂದಿರು 1984ರಲ್ಲೇ ಪೇಟೆಂಟ್ ಹಾಕಿದ್ದರು. ಅದು ವಿಪಿಕಾ ಅನ್ನೋ ಹೆಸರಲ್ಲಿ ಜನರ ಕೈಗೆ ಬಂದದ್ದು 1997ರ ಹೊತ್ತಿಗೆ. ಆ ಮೊದಲ ತಲೆಮಾರಿನ ಕೈಟ್‌ಗಳಲ್ಲಿ ಬಾರ್ ಬಿಟ್ಟರೆ ಎಳೆತ ಪೂರ್ತಿ ಹೋಗುತ್ತಿರಲಿಲ್ಲ. 2005ರ ಸುಮಾರಿಗೆ ಬೋ ಕೈಟ್ ಬಂತು. ಇದು ಅಷ್ಟು ಬಾಗಿಲ್ಲ, ಸ್ವಲ್ಪ ಚಪ್ಪಟೆ. ಹಿಂದಿನ ಅಂಚು ಒಳಕ್ಕೆ ಬಾಗಿರುತ್ತದೆ, ಮುಂದಿನ ಅಂಚಿಗೆ ಅಲ್ಲಲ್ಲಿ ಸಣ್ಣ ದಾರಗಳ ಕಟ್ಟು ಇರುತ್ತದೆ, ಅದೇ ಬ್ರೈಡಲ್. ಬಾರ್ ಬಿಟ್ಟ ಕೂಡಲೇ ಕೈಟ್ ಇಡೀ ಮೈಯನ್ನು ಗಾಳಿಗೆ ಅಡ್ಡವಾಗಿ ಒಡ್ಡುವ ಬದಲು ಗಾಳಿಯನ್ನು ಸೀಳಿಕೊಂಡು ಮಲಗಿದ ಹಾಗಾಗುತ್ತದೆ. ಎಳೆತ ಹೆಚ್ಚುಕಮ್ಮಿ ಇಲ್ಲವಾಗುತ್ತದೆ. ಇದಕ್ಕೆ ಡಿಪವರ್ ಅನ್ನುತ್ತಾರೆ. ಈ ಆಟ ಸಾಮಾನ್ಯ ಜನರಿಗೂ ಕೈಗೆಟುಕುವಂತಾಗಿದ್ದು ಈ ಒಂದು ಬದಲಾವಣೆಯಿಂದ ಅಂತ ನಾನು ನಂಬುತ್ತೇನೆ.

ಹಾಗಾಗಿ ಮೊದಲ ಕೈಟ್ ಅಂದರೆ ಬೋ ಅಥವಾ ಡೆಲ್ಟಾ, ಅಂದರೆ ತ್ರಿಕೋನದಂಥ ಆಕಾರದ್ದು. ಮಧ್ಯದಲ್ಲಿ ಮೂರು ಗಾಳಿ ತುಂಬುವ ಪಕ್ಕೆಲುಬು, ಅಂದರೆ ಸ್ಟ್ರಟ್ ಇರುವ ಸಾಧಾರಣ ಕೈಟ್ ಸಾಕು. ನೀರಿಗೆ ಬಿದ್ದರೆ, ಬಾರ್‌ನಿಂದ ಕೈಟ್‌ಗೆ ಹೋಗುವ ನಾಲ್ಕು ದಾರಗಳಲ್ಲಿ, ಅಂದರೆ ಲೈನ್‌ಗಳಲ್ಲಿ, ಹಿಂದಿನ ಒಂದನ್ನು ಎಳೆದರೆ ಹೊರಳಿ ಅಂಚಿಗೆ ಬಂದು ತಾನೇ ಏಳಬೇಕು. ಮೊದಲ ತಿಂಗಳು ನಿಮ್ಮ ಕೈಟ್ ನೀರಲ್ಲೇ ಜಾಸ್ತಿ ಇರುತ್ತದೆ, ಏಳದ ಕೈಟ್ ಇಟ್ಟುಕೊಂಡರೆ ಕಲಿಯುವ ಹೊತ್ತೆಲ್ಲ ಅದನ್ನು ಎಬ್ಬಿಸುವುದರಲ್ಲೇ ಕಳೆಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೆಯ ಸಮುದ್ರದಲ್ಲಿ ನಡೆದ ಕೈಟ್ ಸ್ಪರ್ಧೆ ನೋಡಿ ಅದೇ ಬೇಕು ಅನ್ನುವವರು ಇದ್ದಾರೆ. ಅವರು ಬಳಸಿದ್ದು ಫಾಯಿಲ್ ಕೈಟ್, ಕೊಳವೆಯೇ ಇಲ್ಲದ್ದು, ಕೆಳಗೆ ಹೈಡ್ರೋಫಾಯಿಲ್ ಬೋರ್ಡ್, ಅಂದರೆ ತಳದ ರೆಕ್ಕೆಯಿಂದ ನೀರಿನ ಮೇಲಕ್ಕೆ ಏಳುವಂಥದ್ದು. ನೋಡೋಕೆ ಬಲು ಚೆಂದ. ಆದರೆ ಕೊಳವೆ ಇಲ್ಲದ ಕೈಟ್ ನೀರಲ್ಲಿ ಬಹಳ ಹೊತ್ತು ಬಿದ್ದರೆ ಒಳಗೆ ನೀರು ಸೇರುತ್ತದೆ, ಎಬ್ಬಿಸೋದು ಹೊಸಬರಿಂದ ಆಗದ ಮಾತು. ಅದು ಮುಂದೆ ಯಾವಾಗಲೋ.

ಅಳತೆ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ಗಾಳಿಯನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಒಂದು ಅಂದಾಜು ಲೆಕ್ಕ ಇದೆ. ನಿಮ್ಮ ತೂಕವನ್ನು ಕಿಲೋದಲ್ಲಿ ತಗೊಂಡು 2.2ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. ಬಂದದ್ದು ಕೈಟ್‌ನ ಚದರ ಮೀಟರ್. 75 ಕಿಲೋ ತೂಕ, 15 ನಾಟ್ ಗಾಳಿ ಅಂದರೆ 11 ಚದರ ಮೀಟರ್, ಮಾತಿನಲ್ಲಿ ಬರೀ ಮೀಟರ್ ಅನ್ನುತ್ತೇವೆ. 60 ಕಿಲೋ, 18 ನಾಟ್ ಅಂದರೆ ಏಳೂ ಚಿಲ್ಲರೆ. ಇದು ಬರೀ ಅಂದಾಜು. ಹೊಸಬರಾದರೆ ಬಂದ ಸಂಖ್ಯೆಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ, ಮೇಲೆ ಹೋಗಬೇಡಿ.

ಯಾಕೆ ಕೆಳಗೆ? ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 12 ನಾಟ್‌ನಲ್ಲಿ ಆರಾಮಾಗಿ ಆಡಿಸುತ್ತಿದ್ದ ಕೈಟ್ 24 ನಾಟ್ ಗಾಳಿಗೆ ಸಿಕ್ಕಿದರೆ ನಾಲ್ಕು ಜನ ಎಳೆದ ಹಾಗೆ. ಅಷ್ಟು ದೂರವೂ ಬೇಡ, 15ರಿಂದ 20ಕ್ಕೆ ಏರಿದರೆ ಸಾಕು, ಎಳೆತ ಹತ್ತಿರ ಹತ್ತಿರ 1.8 ಪಟ್ಟು. ಕೆನ್ನೆಗೆ ತಾಗುವ ಗಾಳಿಯಲ್ಲಿ ಆ ಐದು ನಾಟ್ ವ್ಯತ್ಯಾಸ ಹೊಸಬರಿಗೆ ಸರಿಯಾಗಿ ಗೊತ್ತೂ ಆಗುವುದಿಲ್ಲ. ಕೈಗೆ ಗೊತ್ತಾಗುತ್ತದೆ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಗಾಳಿ ಅಳೆಯುವ ಸಣ್ಣ ಮೀಟರ್ ಒಂದು ಬ್ಯಾಗಿನಲ್ಲಿ ಇರಲಿ. ಸರಾಸರಿ ಎಷ್ಟು ಅಂತ ನೋಡಿದರೆ ಸಾಲದು, ಐದು ನಿಮಿಷ ಹಿಡಿದು ನಿಂತು ಅತಿ ಕಮ್ಮಿ ಎಷ್ಟು, ಅತಿ ಜಾಸ್ತಿ ಎಷ್ಟು ಅಂತ ನೋಡಿ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಆ ದಿನ ಕೈಟ್ ಬಿಚ್ಚೋದೇ ಬೇಡ.

ಒಬ್ಬರು ಇಲ್ಲಿ ಕೈ ಎತ್ತಿ ಕೇಳಿದರು: ಒಂದೇ ಕೈಟ್ ಕೊಳ್ಳೋಕೆ ಆಗೋದು, ಯಾವ ಅಳತೆ ತಗೊಳ್ಳಲಿ? ಒಳ್ಳೆ ಪ್ರಶ್ನೆ. ನೀವು ಕಲಿಯುವ ಜಾಗದಲ್ಲಿ ಹೆಚ್ಚು ದಿನ ಎಷ್ಟು ಗಾಳಿ ಇರುತ್ತದೆ ಅನ್ನೋದನ್ನು ಮೊದಲು ನೋಡಿ. ಅಲ್ಲಿ ನಿಮ್ಮಷ್ಟೇ ತೂಕದವರು ಯಾವ ಕೈಟ್ ಹಾರಿಸುತ್ತಿದ್ದಾರೆ ಅಂತ ಕೇಳಿ, ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ಆ ಗಾಳಿಗೆ ಸರಿಯಾಗಿದ್ದು ಒಂದು ತಗೊಳ್ಳಿ. ಅದಕ್ಕಿಂತ ಜೋರು ಗಾಳಿ ಬಂದ ದಿನ ದಡದಲ್ಲಿ ಕೂತು ಬೇರೆಯವರನ್ನು ನೋಡಿ. ಎಲ್ಲ ಗಾಳಿಗೂ ಒಂದೇ ಕೈಟ್ ಅನ್ನೋದು ಇಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಬೇಡಿ.

ಬಾರ್ ಎಲ್ಲಿದೆ ಈಗ? ಮೂರನೇ ಸಾಲಿನಲ್ಲಾ, ಸರಿ, ಹೋಗಲಿ. ಬಿಡುವುದಕ್ಕೆ ಮೂರು ಹಂತ ಇದೆ. ಮೊದಲು ಬಾರ್‌ನಿಂದ ಕೈ ತೆಗೆಯೋದು. ಅದು ಸಾಲದಿದ್ದರೆ ಆ ಕೆಂಪು ಹಿಡಿ ತಳ್ಳೋದು, ಆಗ ಕೈಟ್ ಒಂದೇ ಲೈನ್‌ಗೆ ನೇತುಬಿದ್ದು ಬಾವುಟದ ಹಾಗೆ ಪಟಪಟ ಅನ್ನುತ್ತಾ ಕೆಳಗಿಳಿಯುತ್ತದೆ, ಮೈಗೆ ಕಟ್ಟಿದ ಲೀಶ್ ಅನ್ನೋ ಹಗ್ಗದ ಮೂಲಕ ಇನ್ನೂ ನಿಮ್ಮ ಜೊತೆಗೇ ಇರುತ್ತದೆ. ಅದೂ ಸಾಲದಿದ್ದರೆ ಲೀಶ್‌ನಲ್ಲೇ ಇರುವ ಇನ್ನೊಂದು ರಿಲೀಸ್ ತೆಗೆದು ಕೈಟನ್ನೇ ಬಿಟ್ಟುಬಿಡೋದು. ನೀವು ಕೊಳ್ಳುವ ಬಾರ್‌ನಲ್ಲಿ ಈ ಮೂರೂ ಸಲೀಸಾಗಿ ಆಗಬೇಕು. ರಿಲೀಸ್‌ಗಳಿಗೆ ಐಎಸ್‌ಒ 21853 ಅನ್ನೋ ಮಾನದಂಡ 2020ರಲ್ಲಿ ಬಂದಿದೆ. ಹೊಸ ಬಾರ್ ಕೊಳ್ಳುವಾಗ ಅದಕ್ಕೆ ತಕ್ಕಂತೆ ಇದೆಯಾ ಅಂತ ಕೇಳಿ. ಕಣ್ಣು ಮುಚ್ಚಿಕೊಂಡು ಒಂದೇ ಕೈಯಲ್ಲಿ ತಳ್ಳಿ ನೋಡಿ. ಎಡಗೈಯಲ್ಲೂ ನೋಡಿ. ಒದ್ದೆ ಕೈಯಲ್ಲೂ ನೋಡಿ.

ಕೈಟ್ ಒಂದು ಕಂಪನಿಯದು, ಬಾರ್ ಇನ್ನೊಂದರದು ಅಂತ ಜೋಡಿಸೋದು ಮೊದಲ ವರ್ಷ ಬೇಡವೇ ಬೇಡ. ಮುಂದಿನ ಎರಡು ಲೈನ್‌ಗಳು ವಿ ಆಕಾರದಲ್ಲಿ ಸೇರುವ ಜಾಗ ಒಬ್ಬೊಬ್ಬರದು ಒಂದೊಂದು ಎತ್ತರದಲ್ಲಿ ಇರುತ್ತದೆ, ಲೈನ್ ಉದ್ದ ಬೇರೆ, ಬಾರ್ ಅಗಲ ಬೇರೆ. ಹೊರಗಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಹಾರಿಸಿದಾಗ ಡಿಪವರ್ ಸರಿಯಾಗಿ ಸಿಗುವುದಿಲ್ಲ. ಕೈಟ್ ಜೊತೆಗೆ ಅದರದೇ ಬಾರ್ ತಗೊಳ್ಳಿ.

ಹಳೇ ಬಾರ್ ಆದರೆ ಲೈನ್ ಅಳತೆ ನೋಡಲೇಬೇಕು. ನಾಲ್ಕೂ ಲೈನ್‌ಗಳ ತುದಿಯನ್ನು ಒಂದು ಕಂಬದ ಕೊಕ್ಕೆಗೆ ಸಿಕ್ಕಿಸಿ, ಇಪ್ಪತ್ತು ಚಿಲ್ಲರೆ ಮೀಟರ್ ಹಿಂದೆ ಬಂದು, ಮುಂದಿನ ಲೈನ್‌ಗಳ ಉದ್ದ ಹೊಂದಿಸುವ ಟ್ರಿಮ್ ಪಟ್ಟಿ ಪೂರ್ತಿ ಬಿಟ್ಟು, ಬಾರನ್ನು ಪೂರ್ತಿ ಹತ್ತಿರ ಎಳೆದು ಹಿಡಿಯಿರಿ. ನಾಲ್ಕೂ ಸಮನಾಗಿ ಬಿಗಿಯಬೇಕು. ನಿಮ್ಮ ಭಾರ ಹೊರುವುದು ಮುಂದಿನ ಎರಡು ಲೈನ್, ಹಾಗಾಗಿ ವರ್ಷಗಳು ಕಳೆದ ಹಾಗೆ ಅವೇ ಹೆಚ್ಚು ಹಿಗ್ಗುತ್ತವೆ. ಆಗ ಹಿಂದಿನ ಲೈನ್ ಅವಕ್ಕೆ ಹೋಲಿಸಿದರೆ ಗಿಡ್ಡವಾದ ಹಾಗೆ. ಕೈಟ್ ಉಸಿರು ಕಟ್ಟಿದ ಹಾಗೆ ತಡವರಿಸಿ ಹಿಂದಕ್ಕೆ ಬೀಳುತ್ತದೆ, ಬಾರ್ ಬಿಟ್ಟರೂ ಪೂರ್ತಿ ಸುಮ್ಮನಾಗುವುದಿಲ್ಲ. ಹೊಸಬರು ಇದನ್ನು ತಮ್ಮ ತಪ್ಪು ಅಂದುಕೊಂಡು ವಾರಗಟ್ಟಲೆ ಒದ್ದಾಡುವುದನ್ನು ನೋಡಿದ್ದೇನೆ. ಒಮ್ಮೆ ಹಾಗೆ ಒದ್ದಾಡುತ್ತಿದ್ದ ಹುಡುಗಿಯೊಬ್ಬಳ ಬಾರ್ ಹಿಡಿದು ನೋಡಿದರೆ ಮುಂದಿನ ಲೈನ್‌ಗಳು ಒಂದು ಗೇಣು ಉದ್ದವಾಗಿದ್ದವು. ಹಿಂದಿನ ಲೈನ್‌ಗಳ ಗಂಟನ್ನು ಜರುಗಿಸಿ ಸಮ ಮಾಡಿಕೊಟ್ಟೆ. ಹತ್ತು ನಿಮಿಷದಲ್ಲಿ ಕೈಟ್ ತಲೆ ಮೇಲೆ ಅಲುಗದೆ ನಿಂತಿತ್ತು. ಅವಳ ಮುಖ ನೋಡಬೇಕಿತ್ತು.

ಬಳಸಿದ ಕೈಟ್ ಕೊಳ್ಳೋದು ತಪ್ಪೇನಲ್ಲ. ಎಷ್ಟೋ ಸಲ ಅದೇ ಸರಿ, ಯಾಕಂದರೆ ಮೊದಲ ಕೈಟನ್ನು ನೀವು ನೆಲಕ್ಕೆ ಅಪ್ಪಳಿಸಿಯೇ ಅಪ್ಪಳಿಸುತ್ತೀರಿ. ಆದರೆ ನೋಡಿ ಕೊಳ್ಳಿ. ಫೋಟೋ ನೋಡಿ ಕೊಳ್ಳಬೇಡಿ.

ಮೊದಲು ಬಟ್ಟೆ ಹಿಡಿದು ಮುದುರಿ. ಹೊಸ ಬಟ್ಟೆ ಗಂಜಿ ಹಾಕಿದ ಹಾಗೆ ಗರಿಗರಿ ಇರುತ್ತದೆ, ಸದ್ದು ಮಾಡುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ಹಾಸಿಟ್ಟ ಕೈಟ್ ಹಳೇ ಕರ್ಚೀಫಿನ ಹಾಗೆ ಮೆತ್ತಗಾಗಿರುತ್ತದೆ. ಬಿಸಿಲು ಆ ನೂಲನ್ನು ಒಳಗಿಂದ ತಿನ್ನುತ್ತದೆ. ಬಣ್ಣ ಮಾಸಿದ್ದರೆ ಪರವಾಗಿಲ್ಲ, ಮೆತ್ತಗಾಗಿದ್ದರೆ ಬಿಟ್ಟುಬಿಡಿ. ಆಮೇಲೆ ಬೆಳಕಿಗೆ ಅಡ್ಡ ಹಿಡಿದು ಸೂಜಿ ತೂತುಗಳಿವೆಯಾ ನೋಡಿ. ಪೂರ್ತಿ ಪಂಪ್ ಹೊಡೆಸಿ, ಗಟ್ಟಿಯಾಗುವ ತನಕ, ಬೆರಳಿಂದ ಬಾರಿಸಿದರೆ ಡಣ್ ಅನ್ನಬೇಕು. ಹಾಗೇ ಬಿಟ್ಟು ಬೇರೆ ಮಾತಾಡಿ. ಎರಡು ಮೂರು ಗಂಟೆ ಕಳೆದರೂ ಗಟ್ಟಿಯಾಗೇ ಇರಬೇಕು. ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ವಾಲ್ವ್‌ಗಳ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದಾ ನೋಡಿ. ವಾಲ್ವ್ ಅಂಟು ಬಿಟ್ಟಿದ್ದರೆ ಸರಿ ಮಾಡಬಹುದು, ಕೊಳವೆಯೊಳಗಿನ ಗಾಳಿ ಚೀಲ, ಅಂದರೆ ಬ್ಲಾಡರ್, ತೂತಾಗಿದ್ದರೆ ಸೈಕಲ್ ಟ್ಯೂಬಿನ ಹಾಗೆ ಪಂಕ್ಚರ್ ಹಾಕಬಹುದು. ಆದರೆ ರೆಕ್ಕೆಯ ತುದಿಗಳಲ್ಲಿ, ಮುಂದಿನ ಅಂಚಿನ ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸಿ. ನೆಲಕ್ಕೆ ಉಜ್ಜಿ ನೂಲು ಸವೆದಿದ್ದರೆ ಅಲ್ಲೇ ಮುಂದೊಂದು ದಿನ ಸಿಡಿಯುತ್ತದೆ. ಬ್ರೈಡಲ್‌ನಲ್ಲಿ ಸಣ್ಣ ರಾಟೆಗಳಿದ್ದರೆ ಒಂದೊಂದನ್ನೂ ತಿರುಗಿಸಿ. ಸಿಕ್ಕಿಕೊಂಡ ರಾಟೆ ದಾರವನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಸೋಪಿನ ನೀರು ತಗೊಂಡು ಹೋದರೆ ಮಾರುವವರು ಬೇಜಾರು ಮಾಡಿಕೊಳ್ಳಲ್ವಾ ಅಂತ ಒಬ್ಬರು ಕೇಳಿದರು. ಚೆನ್ನಾಗಿ ನೋಡಿಕೊಂಡ ಕೈಟ್ ಇದ್ದವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೇ ಬಕೆಟ್ ತಂದುಕೊಡುತ್ತಾರೆ.

ಬೋರ್ಡ್ ವಿಷಯದಲ್ಲಿ ನನ್ನ ಸಲಹೆ ಕೈಟ್‌ಗೆ ತಿರುಗು ಮುರುಗು. ಕೈಟ್ ಸ್ವಲ್ಪ ಚಿಕ್ಕದು, ಬೋರ್ಡ್ ಸ್ವಲ್ಪ ದೊಡ್ಡದು. ಎರಡೂ ತುದಿ ಒಂದೇ ಥರ ಇರುವ ಟ್ವಿನ್ ಟಿಪ್ ತಗೊಳ್ಳಿ. 75 ಕಿಲೋ ತೂಕದವರಿಗೆ 140ರಿಂದ 145 ಸೆಂಟಿಮೀಟರ್ ಉದ್ದ, 42ರಿಂದ 44 ಅಗಲ ಅಂದರೆ ಒಳ್ಳೆಯದು. ದೊಡ್ಡ ಬೋರ್ಡ್ ಕಮ್ಮಿ ವೇಗದಲ್ಲೇ ನೀರಿನ ಮೇಲೆ ಏಳುತ್ತದೆ. ಅಂದರೆ ಕಮ್ಮಿ ಎಳೆತ ಸಾಕು. ಅಂದರೆ ಚಿಕ್ಕ ಕೈಟ್ ಸಾಕು. ಹೀಗೆ ಬೋರ್ಡಿನ ಅಳತೆಯೂ ಕೊನೆಗೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಚಿಕ್ಕ ಬೋರ್ಡ್ ಕೊಂಡವರು ಅದು ಮುಳುಗುತ್ತಿದೆ ಅಂತ ದೊಡ್ಡ ಕೈಟ್ ಹಾಕುತ್ತಾರೆ, ಆಮೇಲೆ ಗಾಳಿ ಏರಿದಾಗ ಅದು ಅವರನ್ನೇ ಎತ್ತಿಕೊಂಡು ಹೋಗುತ್ತದೆ. ಬೋರ್ಡಿನ ತಳ ಹೆಚ್ಚು ಬಾಗಿರದೆ ಚಪ್ಪಟೆಯಾಗಿದ್ದರೆ ಗಾಳಿಗೆ ಎದುರಾಗಿ ಏರಿಕೊಂಡು ಹೋಗೋದು ಸುಲಭ, ಇಲ್ಲದಿದ್ದರೆ ಪ್ರತಿ ಸಲ ದಡದಲ್ಲಿ ಬೋರ್ಡ್ ಹೊತ್ತು ನಡೆದು ವಾಪಸ್ ಬರಬೇಕು. ಪಾದದ ಪಟ್ಟಿ ಗಟ್ಟಿಯಾಗಿ ಹಿಡಿಯಬೇಕು, ಆದರೆ ಬಿದ್ದಾಗ ಕಾಲು ಸಲೀಸಾಗಿ ಜಾರಿ ಬರಬೇಕು.

ಬೋರ್ಡನ್ನು ದಾರದಿಂದ ಮೈಗೆ ಕಟ್ಟಿಕೊಳ್ಳಬೇಡಿ. ಬೋರ್ಡ್ ಕಳೆದುಹೋಗುತ್ತದೆ ಅನ್ನೋ ಭಯಕ್ಕೆ ಕಟ್ಟಿಕೊಳ್ಳುವವರಿದ್ದಾರೆ. ಕೈಟ್ ನಿಮ್ಮನ್ನು ಮುಂದೆ ಎಳೆಯುತ್ತದೆ, ಬೋರ್ಡ್ ಹಿಂದೆ ಸಿಕ್ಕಿಕೊಳ್ಳುತ್ತದೆ, ದಾರ ರಬ್ಬರಿನ ಹಾಗೆ ಹಿಗ್ಗಿ ಒಮ್ಮೆಲೇ ಬಿಡುತ್ತದೆ, ಬೋರ್ಡ್ ನೇರ ತಲೆಗೆ ಬರುತ್ತದೆ. ಬೋರ್ಡ್ ಬಿಟ್ಟುಹೋದರೆ ಕೈಟ್ ಹಿಡಿದುಕೊಂಡೇ ನೀರಲ್ಲಿ ಮೈ ಎಳೆಸಿಕೊಂಡು ಗಾಳಿಗೆ ಎದುರಾಗಿ ಹೋಗಿ ತರುವ ಪಾಠ ಇದೆ. ಬೋರ್ಡ್ ಮೇಲೆ ನಿಲ್ಲುವ ಮೊದಲೇ ಕಲಿಸುತ್ತಾರೆ. ಬೇಜಾರಿನ ಪಾಠ ಅನ್ನಿಸುತ್ತದೆ, ತಪ್ಪಿಸಬೇಡಿ.

ಕೈಟ್‌ನ ಎಳೆತವನ್ನು ಮೈಗೆ ಹೊರಿಸುವ, ಕೊಕ್ಕೆ ಇರುವ ಪಟ್ಟಿಯೇ ಹಾರ್ನೆಸ್, ಅದು ಎರಡು ಥರ. ಸೊಂಟಕ್ಕೆ ಕಟ್ಟೋದು, ಚಡ್ಡಿಯ ಹಾಗೆ ತೊಡೆಯ ಸುತ್ತ ಬರೋದು. ಹೊಸಬರ ಕೈಟ್ ಹೆಚ್ಚು ಹೊತ್ತು ತಲೆ ಮೇಲೇ ಇರುತ್ತದೆ, ಅಲ್ಲಿಂದ ಮೇಲಕ್ಕೆ ಎಳೆಯುತ್ತದೆ, ಸೊಂಟದ ಹಾರ್ನೆಸ್ ಜಾರಿ ಪಕ್ಕೆಲುಬಿಗೆ ಬರುತ್ತದೆ. ಉಸಿರಾಡೋಕೂ ಕಷ್ಟ, ರಿಲೀಸ್ ಕೂಡ ಗಲ್ಲದ ಹತ್ತಿರ ಹೋಗಿರುತ್ತದೆ, ಕೈ ಅದನ್ನು ಹೊಕ್ಕುಳ ಹತ್ತಿರ ಹುಡುಕುತ್ತಿರುತ್ತದೆ. ಹಾಗೆ ಜಾರುವವರಿಗೆ ತೊಡೆಯ ಹಾರ್ನೆಸ್ ವಾಸಿ. ಅಂಗಡಿಯಲ್ಲೇ ಹಾಕಿಕೊಂಡು, ಕೊಕ್ಕೆಗೆ ಹಗ್ಗ ಹಾಕಿ ಮೇಲಿನ ಕಂಬಿಗೆ ಜೋತುಬಿದ್ದು ನೋಡಿ. ಹಾರ್ನೆಸ್‌ನಲ್ಲಿ ಲೈನ್ ಕೊಯ್ಯುವ ಸಣ್ಣ ಚಾಕು ಇರಬೇಕು, ಒಂದೇ ಕೈಯಲ್ಲಿ ಎಳೆದರೆ ಬರಬೇಕು.

ಹೆಲ್ಮೆಟ್, ಪೆಟ್ಟು ತಡೆಯುವ ಇಂಪ್ಯಾಕ್ಟ್ ವೆಸ್ಟ್ ಎರಡೂ ಬೇಕು, ಚರ್ಚೆಯೇ ಇಲ್ಲ. ಎಲ್ಲ ಇಂಪ್ಯಾಕ್ಟ್ ವೆಸ್ಟ್‌ಗಳೂ ಲೈಫ್ ಜಾಕೆಟ್ ಅಲ್ಲ, ತೇಲಿಸುತ್ತದೆ ಅಂತ ಲೇಬಲ್‌ನಲ್ಲಿ ಇದೆಯಾ ನೋಡಿ. ಮೈ ಬೆಚ್ಚಗಿಡುವ ವೆಟ್‌ಸೂಟ್, ನೀರು ಎಷ್ಟು ತಣ್ಣಗಿದೆ ಅಂತ ನೋಡಿ ತಗೊಳ್ಳಿ. ನೀರು ಗಾಳಿಗಿಂತ ಸುಮಾರು 24 ಪಟ್ಟು ಬೇಗ ಶಾಖ ದಾಟಿಸುತ್ತದೆ, ಮರಗಟ್ಟಿದ ಬೆರಳಿಂದ ರಿಲೀಸ್ ತಳ್ಳೋಕೆ ಆಗುವುದಿಲ್ಲ.

ಈಗ ಯಾವುದನ್ನು ಯಾವಾಗ ಕೊಳ್ಳೋದು. ಪಾಠ ಮೊದಲು, ಸಾಮಾನು ಆಮೇಲೆ. ಕಲಿಸುವವರ ಕೈಟ್‌ನಲ್ಲೇ ಕಲಿಯಿರಿ. ಹೆಲ್ಮೆಟ್, ಹಾರ್ನೆಸ್ ಮೊದಲೇ ಕೊಂಡರೂ ಅಡ್ಡಿಯಿಲ್ಲ, ಅವು ಮೈಗೆ ಹೊಂದಬೇಕಾದವು. ಕೈಟ್ ಮಾತ್ರ, ನೀರಲ್ಲಿ ಬಿದ್ದದ್ದನ್ನು ನೀವೇ ಎಬ್ಬಿಸಿ, ಗಾಳಿ ನಿಂತಾಗ ಲೈನ್ ಸುತ್ತಿ ಕೈಟನ್ನೇ ದೋಣಿಯ ಹಾಗೆ ಮಾಡಿಕೊಂಡು ದಡ ಸೇರೋದು ಬಂದ ಮೇಲೆ. ಇದಕ್ಕೂ ಒಂದು ಕಾರಣ ಇದೆ. ಹೆದರಿದಾಗ ಮನುಷ್ಯನ ಕೈ ತಾನಾಗೇ ಮುಚ್ಚಿಕೊಳ್ಳುತ್ತದೆ. ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದು ಎದೆಗೆ ಎಳೆದುಕೊಳ್ಳುತ್ತದೆ. ಮಗುವಿನಿಂದ ಹಾಗೇ ಬಂದಿದೆ. ಕೈಟ್ ಬಾರ್ ಎದೆಗೆ ಎಳೆದರೆ ಎಳೆತ ಜಾಸ್ತಿಯಾಗುತ್ತದೆ, ಅದರಿಂದ ಇನ್ನಷ್ಟು ಭಯ, ಇನ್ನಷ್ಟು ಎಳೆಯೋದು. ಎಂಥ ಒಳ್ಳೆ ಕೈಟ್ ಕೊಂಡರೂ ಕೈ ಬಿಡೋಕೆ ಕೈ ಕಲಿತಿರಬೇಕು. ಅದಕ್ಕೆ ಎಷ್ಟು ಸಲ ಬೇಕೋ ಅಷ್ಟು ಸಲ ಕಲಿಸುವವರ ಮುಂದೆ ಮಾಡಿ. ನಾನು ಈಗಲೂ ಪ್ರತಿ ದಿನ ಕೈಟ್ ಎಬ್ಬಿಸುವ ಮೊದಲು ದಡದಲ್ಲಿ ಒಮ್ಮೆ ರಿಲೀಸ್ ತಳ್ಳಿ, ಸಿಹಿನೀರಲ್ಲಿ ತೊಳೆದು, ಮತ್ತೆ ಜೋಡಿಸುತ್ತೇನೆ. ಮರಳು ಒಳಗೆ ಇದ್ದರೆ ಕೈಗೆ ಗರಗರ ಅನ್ನುತ್ತದೆ.

ಬಾರ್ ವಾಪಸ್ ಬಂತಾ? ಕೊನೆ ಸಾಲಿನವರು ಸರಿಯಾಗೇ ಜೋಡಿಸಿದ್ದೀರಿ. ಹೊರಗೆ 9 ಮೀಟರ್ ಕೈಟ್ ಹಾಸಿಟ್ಟಿದ್ದೇನೆ, ಪಕ್ಕದಲ್ಲಿ ಪಂಪ್ ಇದೆ, ಸೋಪಿನ ನೀರಿನ ಬಕೆಟ್ ಇದೆ. ಅದರಲ್ಲಿ ಒಂದು ಕಡೆ ಸೋರುತ್ತಿದೆ. ಬನ್ನಿ, ಎಲ್ಲಿ ಅಂತ ಹುಡುಕೋಣ.